ಅಮಾವಾಸ್ಯೆಯ ರಾತ್ರಿ ಹೊಸ್ತಿಲಾಚೆ ಇಟ್ಟ ಊಟ: ಗ್ರೀಸಿನ ಹಳೆಯ ದೇವರುಗಳ ಮನೆಪೂಜೆಯಿಂದ ಇಂದು ಏನು ಸಿಗುತ್ತದೆ?

ಪ್ರಶ್ನೆ: ನಮ್ಮ ಮಗ ಅಥೆನ್ಸಿನ ಹುಡುಗಿಯನ್ನು ಮದುವೆಯಾಗಿದ್ದಾನೆ. ಸೊಸೆ ಚರ್ಚಿಗೆ ಹೋಗುವುದಿಲ್ಲ, ಗ್ರೀಸಿನ ಹಳೆಯ ದೇವರುಗಳನ್ನು ಪೂಜಿಸುತ್ತಾಳೆ. ಅಮಾವಾಸ್ಯೆಯ ರಾತ್ರಿ ಬಾಗಿಲ ಹೊರಗೆ ಬ್ರೆಡ್ಡು, ಮೊಟ್ಟೆ, ಬೆಳ್ಳುಳ್ಳಿ ಇಡುತ್ತಾಳಂತೆ. ಮಗ ಇದನ್ನು ಹೇಳಿದಾಗಿನಿಂದ ನಮ್ಮತ್ತೆಯವರಿಗೆ ಆತಂಕ. ಇದು ಮಾಟವೇ? ಎಂದೋ ನಿಂತುಹೋದ ಪೂಜೆಯನ್ನು ಈ ಕಾಲದಲ್ಲಿ ಮತ್ತೆ ಎತ್ತಿಕೊಂಡರೆ ಏನು ಪ್ರಯೋಜನ? ಜೂನ್‌ನಲ್ಲಿ ಇಬ್ಬರೂ ಧಾರವಾಡಕ್ಕೆ ಬಂದು ಎರಡು ತಿಂಗಳು ಇರುತ್ತಾರೆ. ನಾವು ಶಾಕಾಹಾರಿಗಳು, ಮನೆಯೊಳಗೆ ಮದ್ಯ ತರುವುದಿಲ್ಲ. ಅವಳ ಪೂಜೆಗೆ ಏನು ಅನುಕೂಲ ಮಾಡಿಕೊಡಬಹುದು?

ಉತ್ತರ: ಮೊದಲು ನಿಮ್ಮ ಅತ್ತೆಯವರ ಆತಂಕದ ವಿಚಾರ. ಅದು ಮಾಟವಲ್ಲ. ಚಾಂದ್ರಮಾಸದ ಕೊನೆಯ ರಾತ್ರಿ ಹೆಕಟೆ ಎಂಬ ದೇವಿಗೆ ಇಡುವ ಎಡೆ. ಹೊಸ್ತಿಲಿಗೂ ಮೂರು ದಾರಿ ಕೂಡುವ ಜಾಗಕ್ಕೂ ಅವಳೇ ಒಡತಿ. ನೆಲೆಯಿಲ್ಲದೆ ಅಲೆಯುವ ಸತ್ತವರು ಅವಳ ಹಿಂದೆ ಬರುತ್ತಾರೆಂದು ಗ್ರೀಕರು ನಂಬಿದ್ದರು. ತಿಂಗಳು ಮುಗಿಯುವಾಗ ಮನೆಯಲ್ಲಿ ಉಳಿದ ಕೊಳೆ, ಮೈಲಿಗೆಯನ್ನೆಲ್ಲ ಹೊರಗೆ ಹಾಕಿ, ಅವಳ ಪಾಲಿನ ಊಟವನ್ನು ಹೊಸ್ತಿಲಾಚೆ ಇಟ್ಟು, ಹಿಂದೆ ತಿರುಗಿ ನೋಡದೆ ಒಳಗೆ ಬರುವುದು ಪದ್ಧತಿ. ಯಾರಿಗೂ ಕೇಡು ಬಯಸುವ ಮಾತು ಇದರಲ್ಲಿಲ್ಲ. ಸೀಸದ ತಗಡಿನ ಮೇಲೆ ವೈರಿಯ ಹೆಸರು ಕೊರೆದು ಹೂಳುವ ಮಾಟವೂ ಹಳೆಯ ಗ್ರೀಸಿನಲ್ಲಿತ್ತು, ಅಲ್ಲಿಯೂ ಹೆಕಟೆಯ ಹೆಸರು ಬರುತ್ತದೆ. ಅದು ಬೇರೆಯೇ ಕೆಲಸ. ನಿಮ್ಮ ಸೊಸೆ ಮಾಡುವುದು ನಮ್ಮಲ್ಲಿ ದೃಷ್ಟಿ ನಿವಾಳಿಸಿ ಹೊರಗೆ ಹಾಕುವ ರೂಢಿಗೆ ಹತ್ತಿರ ಎಂದು ಅತ್ತೆಯವರಿಗೆ ಹೇಳಿ. ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಈ ಎಡೆಗೆ ಇನ್ನೊಂದು ಮುಖವಿದೆ. ಉಳ್ಳವರು ತಿಂಗಳು ತಿಂಗಳೂ ಹೆಕಟೆಗೆ ಕಳಿಸುವ ಊಟವನ್ನು ಕೆಳಗಿಡುವಷ್ಟರಲ್ಲೇ ಬಡವರು ಎತ್ತಿಕೊಂಡುಬಿಡುತ್ತಾರೆ ಎಂಬ ಮಾತು ಕ್ರಿ.ಪೂ. 388ರಲ್ಲಿ ಅರಿಸ್ಟೊಫನೀಸ್ ಆಡಿಸಿದ ನಾಟಕದಲ್ಲಿ ಬರುತ್ತದೆ. ದೇವಿಯ ಹೆಸರಿನಲ್ಲಿ ಇಟ್ಟದ್ದು ಹಸಿದವರ ಹೊಟ್ಟೆ ಸೇರುತ್ತಿತ್ತು. ಇಂದು ಈ ಪೂಜೆ ಹಿಡಿದಿರುವವರಲ್ಲಿ ಅನೇಕರು ಅದೇ ದಿನ ಅನ್ನದಾನ ಮಾಡುವ ಸಂಸ್ಥೆಗೆ ಧಾನ್ಯ ಕೊಡುತ್ತಾರೆ, ಫ್ರಿಜ್ಜಿನಲ್ಲಿ ಹಳಸಿದ್ದನ್ನು ತೆಗೆದು ಹಾಕುತ್ತಾರೆ, ಡಬ್ಬಿಗಳನ್ನು ಒರೆಸುತ್ತಾರೆ, ಯಾರಿಗಾದರೂ ಕೊಡಬೇಕಾದ ಹಣವಿದ್ದರೆ ಕೊಟ್ಟು ಮುಗಿಸುತ್ತಾರೆ. ಸಾಲದ ಬಡ್ಡಿ ತೀರಿಸುವ ಗಡುವೂ ಹಳೆಯ ಅಥೆನ್ಸಿನಲ್ಲಿ ತಿಂಗಳ ಕೊನೆಗೇ ಬರುತ್ತಿದ್ದುದರಿಂದ ಲೆಕ್ಕ ಚುಕ್ತಾ ಮಾಡುವ ದಿನವೂ ಅದೇ ಆಗಿತ್ತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಬಹುದೇವತೆಗಳ ಹಳೆಯ ಧರ್ಮವನ್ನು ಮತ್ತೆ ಬಾಳುವವರಿಗೆ ಸಿಗುವ ಲಾಭವೆಲ್ಲ ಸಣ್ಣ ಕರ್ತವ್ಯವೊಂದನ್ನು ಗೊತ್ತಾದ ದಿನಕ್ಕೆ ತಪ್ಪದೆ ಮಾಡುವುದರಿಂದ ಬರುತ್ತದೆ. ದೊಡ್ಡ ಸಿದ್ಧಾಂತ, ವೈಭವದ ಮೆರವಣಿಗೆ, ಅಮೃತಶಿಲೆಯ ವಿಗ್ರಹ ಇವು ಯಾವುವೂ ಅದಕ್ಕೆ ಬೇಕಾಗಿಲ್ಲ. ಗ್ರೀಕರೇ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪೋರ್ಫಿರಿ ಎಂಬ ತತ್ತ್ವಜ್ಞಾನಿ ಮಾಂಸಾಹಾರದ ವಿರುದ್ಧ ಬರೆದ ಗ್ರಂಥದಲ್ಲಿ ಹಳೆಯದೊಂದು ವೃತ್ತಾಂತ ಉಳಿದಿದೆ. ಏಷ್ಯಾದ ಮ್ಯಾಗ್ನೀಸಿಯಾದ ಶ್ರೀಮಂತನೊಬ್ಬ ಹಿಂಡುಗಟ್ಟಲೆ ದನಗಳಿದ್ದವನು, ವರ್ಷವರ್ಷವೂ ದೇವರಿಗೆ ನೂರು ಎತ್ತುಗಳ ಬಲಿ ಕೊಡುತ್ತಿದ್ದವನು. ಅವನು ಅಪೊಲೊ ದೇವರ ವಾಣಿ ಕೇಳುವ ಡೆಲ್ಫಿಯ ಗುಡಿಗೆ ಹೋಗಿ, ದೇವರನ್ನು ಎಲ್ಲರಿಗಿಂತ ಚೆನ್ನಾಗಿ ಪೂಜಿಸುವವನು ಯಾರೆಂದು ಕೇಳಿದ. ತನ್ನ ಹೆಸರೇ ಬರುತ್ತದೆಂದುಕೊಂಡಿದ್ದ. ಬಂದದ್ದು ಆರ್ಕೇಡಿಯಾದ ಮೆಥಿಡ್ರಿಯನ್ ಎಂಬ ಸಣ್ಣ ಊರಿನ ಕ್ಲಿಯಾರ್ಕಸ್‌ನ ಹೆಸರು. ಹೋಗಿ ನೋಡಿದರೆ ಆ ಮನುಷ್ಯ ಮಾಡುತ್ತಿದ್ದುದು ಇಷ್ಟು: ಪ್ರತಿ ತಿಂಗಳು ಹೊಸ ಚಂದ್ರ ಕಂಡ ದಿನ ಮನೆಯ ಹರ್ಮೀಸ್, ಹೆಕಟೆ ಮತ್ತು ಹಿರಿಯರಿಂದ ಬಂದ ಉಳಿದ ಮೂರ್ತಿಗಳನ್ನು ಉಜ್ಜಿ ತೊಳೆದು ಮಾಲೆ ಹಾಕುವುದು, ಧೂಪ ಹಾಕುವುದು, ಜವೆಗೋಧಿಯ ಹಿಟ್ಟಿನ ಕಡುಬು ರೊಟ್ಟಿ ಇಡುವುದು, ಬೆಳೆ ಬಂದಾಗ ಮೊದಲ ಪಾಲು ಕೊಡುವುದು, ಊರ ಹಬ್ಬ ಒಂದನ್ನೂ ತಪ್ಪಿಸದಿರುವುದು. ದನ ಕಡಿಯುತ್ತಿರಲಿಲ್ಲ. ಶಾಕಾಹಾರಿ ಮನೆಗೆ ಈ ಪೂಜೆ ಹೊಂದುತ್ತದೆಯೇ ಎಂಬ ನಿಮ್ಮ ಅಳುಕಿಗೆ ಡೆಲ್ಫಿಯ ಈ ಮಾತಿಗಿಂತ ಒಳ್ಳೆಯ ಉತ್ತರ ನಮ್ಮಲ್ಲಿಲ್ಲ.

ಎರಡನೆಯ ಲಾಭ ದೇವರುಗಳು ಹಲವರಿರುವುದರಿಂದಲೇ ಬರುವಂಥದು. ಬಾಳಿಗೆ ಹಲವು ಮಗ್ಗುಲುಗಳಿವೆ: ಅಡುಗೆಯ ಒಲೆ, ಹಾಸಿಗೆ, ಅಂಗಡಿ, ಓದು, ದಾರಿ, ಕಾಡು, ಸಾವು. ಒಂದೊಂದಕ್ಕೂ ಒಬ್ಬೊಬ್ಬ ದೇವರು, ಒಂದೊಂದು ದಿನ. ಅಥೆನ್ಸಿನ ತಿಂಗಳಲ್ಲಿ ಮೂರನೆಯ ದಿನ ಅಥೀನಾಳದು, ನಾಲ್ಕನೆಯದು ಹರ್ಮೀಸ್ ಮತ್ತು ಪ್ರೇಮದೇವಿ ಅಫ್ರೋಡೈಟಿಯರದು, ಆರು ಆರ್ಟೆಮಿಸ್, ಏಳು ಅಪೊಲೊ, ಎಂಟು ಪೊಸೈಡನ್. ಕೆಲಸದಲ್ಲಿ ಮುಳುಗಿದವನು ನಾಲ್ಕನೆಯ ದಿನ ಬಂದಾಗ ಹೆಂಡತಿಯ ಕಡೆ ತಿರುಗಬೇಕಾಗುತ್ತದೆ. ಒಂದು ಮಗ್ಗುಲನ್ನು ಚೆನ್ನಾಗಿ ನೋಡಿಕೊಂಡರೆ ಉಳಿದದ್ದಕ್ಕೂ ಆಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದಕ್ಕೆ ಅಥೆನ್ಸಿನ ಸೇನಾನಿ, ಲೇಖಕ ಜೆನೊಫನ್‌ನ ಅನುಭವವೇ ಸಾಕ್ಷಿ. ಪರ್ಷಿಯಾದ ದಂಡಯಾತ್ರೆ ಮುಗಿಸಿ ಕ್ರಿ.ಪೂ. 399ರಲ್ಲಿ ಲ್ಯಾಂಪ್ಸಕಸ್ ಊರಿಗೆ ಬಂದಾಗ ಅವನ ಕೈಯಲ್ಲಿ ಊರಿಗೆ ಹೋಗುವಷ್ಟು ದುಡ್ಡೂ ಇರಲಿಲ್ಲ; ಕುದುರೆ ಮಾರಬೇಕಾಯಿತು. ದೇವರುಗಳ ಒಡೆಯ ಜೀಯಸ್‌ನನ್ನು ರಾಜನ ರೂಪದಲ್ಲಿ ದಾರಿಯುದ್ದಕ್ಕೂ ಪೂಜಿಸಿಕೊಂಡು ಬಂದವನು ಅವನು. ಪರಿಚಯದ ಶಕುನಗಾರ ಯೂಕ್ಲೈಡಿಸ್ ಕೇಳಿದ: ಮೈಲಿಖಿಯಸ್ ಜೀಯಸ್‌ಗೆ, ಮನೆಯಲ್ಲಿ ಮಾಡುತ್ತಿದ್ದ ಹಾಗೆ, ಪೂಜೆ ಕೊಟ್ಟೆಯಾ? ಊರು ಬಿಟ್ಟ ಮೇಲೆ ಕೊಟ್ಟಿರಲಿಲ್ಲ. ಹಾವಿನ ರೂಪದಲ್ಲಿ ಪೂಜೆಗೊಳ್ಳುವ, ಮನೆಯ ಸಂಪತ್ತು ಕಾಯುವ ಅದೇ ಜೀಯಸ್‌ನ ಇನ್ನೊಂದು ಮುಖ ಅದು. ಮರುದಿನ ಹಿರಿಯರ ಪದ್ಧತಿಯಂತೆ ಪೂಜೆ ಕೊಟ್ಟ. ಅಂದೇ ಸೈನ್ಯಕ್ಕೆ ಸಂಬಳದ ಹಣ ಬಂತು, ಹಣ ತಂದವರು ಅವನು ಮಾರಿದ್ದ ಕುದುರೆಯನ್ನೂ ಬಿಡಿಸಿ ತಂದುಕೊಟ್ಟರು. ಹಣ ಬಂದದ್ದು ಪೂಜೆಯಿಂದಲೇ ಎಂದು ನೀವು ಒಪ್ಪಬೇಕಾಗಿಲ್ಲ. ಯೂಕ್ಲೈಡಿಸ್ ಕೇಳಿದ ಪ್ರಶ್ನೆಯ ಬಗೆ ನೋಡಿ. ಕಷ್ಟ ಬಂದಾಗ ‘ದೇವರು ಯಾಕೆ ಹೀಗೆ ಮಾಡಿದ’ ಎಂದು ಕುಸಿದು ಕೂರುವುದಕ್ಕೆ ಬದಲು, ‘ಯಾವುದನ್ನು ಮರೆತಿದ್ದೇನೆ, ಯಾರಿಗೆ ಕೊಡುವುದು ಬಾಕಿ ಇದೆ’ ಎಂದು ಹುಡುಕುವ ಅಭ್ಯಾಸ ಅದು. ಗ್ರಾಮದೇವತೆಗೂ ಮನೆದೇವರಿಗೂ ಬೇರೆ ಬೇರೆ ಹರಕೆ ಸಲ್ಲಿಸುವ ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಸತ್ತವರ ನೆನಪು. ಅಥೆನ್ಸಿನಲ್ಲಿ ಬೋಯಿಡ್ರೋಮಿಯಾನ್ ತಿಂಗಳ 5ರಂದು ಪಿತೃಗಳ ದಿನ. ಚಳಿಗಾಲದ ಕೊನೆಗೆ ಬರುವ ಆಂಥೆಸ್ಟೀರಿಯಾ ಹಬ್ಬದ ಮೂರನೆಯ ದಿನ ಎಲ್ಲ ಬಗೆಯ ಕಾಳುಗಳನ್ನು ಒಟ್ಟಿಗೆ ಬೇಯಿಸಿ, ಸತ್ತವರನ್ನು ಕರೆದೊಯ್ಯುವ ಹರ್ಮೀಸ್‌ಗೆ ಇಡುತ್ತಿದ್ದರು. ಊರು ಬಿಟ್ಟು ಊರು ಸೇರಿದ ಇಂದಿನ ಕುಟುಂಬಗಳಲ್ಲಿ ದುಃಖ ತೋಡಿಕೊಳ್ಳಲು ದಿನವೂ ಇಲ್ಲ, ಜಾಗವೂ ಇಲ್ಲ. ಪಕ್ಷಮಾಸದ ಬೆಲೆ ಬಲ್ಲವರಿಗೆ, ಅಂಥ ದಿನವೊಂದನ್ನು ಕಳೆದುಕೊಂಡ ಸಮಾಜ ಅದನ್ನು ಮತ್ತೆ ಯಾಕೆ ಹುಡುಕುತ್ತದೆ ಎಂಬುದು ತಿಳಿಯುತ್ತದೆ.

ಇನ್ನು ‘ನಿಂತುಹೋದ ಪೂಜೆ’ ಎಂದಿರಲ್ಲ, ಅದು ತಾನಾಗಿ ನಿಲ್ಲಲಿಲ್ಲ. ಕ್ರಿ.ಶ. 392ರ ನವೆಂಬರ್ 8ರಂದು ರೋಮಿನ ಕ್ರೈಸ್ತ ಚಕ್ರವರ್ತಿ ಥಿಯೊಡೋಸಿಯಸ್ ಹೊರಡಿಸಿದ ಶಾಸನ ಪ್ರಾಣಿಬಲಿಯನ್ನಷ್ಟೇ ನಿಷೇಧಿಸಲಿಲ್ಲ. ಮನೆಯೊಳಗೆ ಗುಟ್ಟಾಗಿಯೂ ಮನೆದೇವರಿಗೆ ದೀಪ ಹಚ್ಚಬಾರದು, ಧೂಪ ಹಾಕಬಾರದು, ಹೂಮಾಲೆ ತೂಗಬಾರದು ಎಂದು ಒಂದೊಂದನ್ನೂ ಹೆಸರಿಸಿ ತಡೆಯಿತು. ಹೂವು, ಧೂಪ, ದೀಪ. ಅರಮನೆಗೆ ಭಯವಿದ್ದದ್ದು ಇವುಗಳ ಬಗ್ಗೆ. ಧರ್ಮವೊಂದು ಬದುಕಿರುವುದು ಎಲ್ಲಿ ಎಂದು ಆ ಶಾಸನ ಬರೆದವರಿಗೆ ಸರಿಯಾಗಿ ಗೊತ್ತಿತ್ತು. ಪುರೋಹಿತರ ಪರಂಪರೆ ಕಡಿದುಹೋಯಿತು, ದೇವಾಲಯಗಳು ಬಿದ್ದವು. ಉಳಿದದ್ದು ಕಾವ್ಯ, ನಾಟಕ, ಶಿಲಾಶಾಸನ, ಪಂಚಾಂಗದ ಕಲ್ಲುಗಳು. ಗ್ರೀಸಿನ ಮನೆಪೂಜೆಗೆ ಪುರೋಹಿತ ಬೇಕಿರಲಿಲ್ಲ, ಮನೆಯ ಯಜಮಾನನೇ ನಡೆಸುತ್ತಿದ್ದ. ಹಾಗಾಗಿ ಪುನರುಜ್ಜೀವನಕ್ಕೆ ಗಟ್ಟಿಯಾದ ನೆಲ ಇರುವುದು ಮನೆಯಲ್ಲೇ. ದೇವಾಲಯದ ಮಹೋತ್ಸವಗಳನ್ನು ಮತ್ತೆ ಕಟ್ಟಲು ಹೊರಟವರು ಊಹೆಯ ಮೇಲೆ ಊಹೆ ಪೇರಿಸಬೇಕಾಗುತ್ತದೆ.

ಈಗ ಕಾನೂನಿನ ತೊಡಕು ಕಡಿಮೆಯಾಗಿದೆ. ಗ್ರೀಸಿನಲ್ಲಿ ಈ ಧರ್ಮದವರ ಪರಮೋಚ್ಚ ಮಂಡಳಿ 1997ರಲ್ಲಿ ಹುಟ್ಟಿತು, 2017ರಲ್ಲಿ ಸರ್ಕಾರ ಇದನ್ನು ಧರ್ಮವೆಂದು ಮಾನ್ಯ ಮಾಡಿತು. ಐಸ್‌ಲ್ಯಾಂಡಿನಲ್ಲಿ ಹಳೆಯ ನಾರ್ಸ್ ದೇವತೆಗಳ ಸಂಘ 1972ರಲ್ಲಿ ಆರಂಭವಾಗಿ ಮರುವರ್ಷವೇ ಮಾನ್ಯತೆ ಪಡೆಯಿತು. ಅಲ್ಲಿನ ಅರ್ಚಕರು ಮಾಡಿಸಿದ ಮದುವೆ ಕಾನೂನಿನಂತೆ ಮದುವೆಯೇ. ಲಿಥುವೇನಿಯಾದ ಹಳೆಯ ದೇವತೆಗಳನ್ನು ಪೂಜಿಸುವ ರೋಮುವಾ ಪಂಥ ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋಗಿ 2021ರಲ್ಲಿ ಗೆದ್ದು, 2024ರ ಡಿಸೆಂಬರಿನಲ್ಲಿ ಸಂಸತ್ತಿನ ಮಾನ್ಯತೆ ಪಡೆಯಿತು.

ಸಿಗದಿರುವುದನ್ನೂ ಹೇಳಬೇಕು. ಇದು ಔಷಧವಲ್ಲ, ವೈದ್ಯದೇವತೆ ಅಸ್ಕ್ಲೀಪಿಯಸ್‌ಗೆ ಧೂಪ ಹಾಕಿದವರೂ ಮಾತ್ರೆ ತೆಗೆದುಕೊಳ್ಳಬೇಕು. ಸುತ್ತಮುತ್ತ ಅದೇ ಪೂಜೆಯವರು ಸಿಗುವುದು ಕಷ್ಟವಾದ್ದರಿಂದ ಕೆಲವರಿಗೆ ಒಂಟಿತನ ಹೆಚ್ಚುವುದೂ ಉಂಟು. ಕಂಡದ್ದೆಲ್ಲ ಶಕುನವೆಂದು ಓದಲು ಶುರುಮಾಡಿದವರ ಮನಸ್ಸಿಗೆ ನೆಮ್ಮದಿ ಹೋಗುತ್ತದೆ. ಇನ್ನೂ ಕೆಟ್ಟದ್ದು, ಯುರೋಪ್ ಮತ್ತು ಅಮೆರಿಕದ ಕೆಲವು ಗುಂಪುಗಳು ಹಳೆಯ ದೇವರುಗಳನ್ನು ರಕ್ತ, ಬಣ್ಣ, ಜನಾಂಗದ ರಾಜಕೀಯಕ್ಕೆ ಎಳೆದುಕೊಂಡಿವೆ. ಐಸ್‌ಲ್ಯಾಂಡಿನ ಸಂಘ ಅಂಥವರನ್ನು ಬಹಿರಂಗವಾಗಿಯೇ ದೂರ ಇಟ್ಟಿದೆ. ಯಾವುದೇ ಗುಂಪು ದೇವರ ಮಾತಿಗಿಂತ ಮೊದಲು ನಿಮ್ಮ ವಂಶವನ್ನು ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ. ಕನ್ನಡಿಗ ಗಂಡನೊಂದಿಗೆ ನಿಮ್ಮ ಮನೆಗೆ ಬರುತ್ತಿರುವ ಹುಡುಗಿ ಆ ದಾರಿಯವಳಲ್ಲ ಎಂಬುದಂತೂ ಸ್ಪಷ್ಟ.

ಇನ್ನು ಧಾರವಾಡದ ವ್ಯವಸ್ಥೆ.

ಜಾಗ: ನಿಮ್ಮ ದೇವರ ಮನೆಯಲ್ಲಿ ಪಾಲು ಕೊಡಬೇಡಿ. ಇದು ಸಂಕೋಚದ ಮಾತಲ್ಲ. ಎರಡೂ ಪದ್ಧತಿಗಳಿಗೆ ಅವುಗಳದೇ ಮಡಿಯ ನಿಯಮಗಳಿವೆ, ಒಂದೇ ಮಣೆಯ ಮೇಲೆ ಇಟ್ಟರೆ ಎರಡೂ ಕೆಡುತ್ತವೆ. ಅವಳ ಪೂಜೆಯ ಕೇಂದ್ರ ಒಲೆಯ ದೇವಿ ಹೆಸ್ತಿಯಾ. ಯಾವ ದೇವರಿಗೇ ಆಗಲಿ ಪೂಜೆ ಮಾಡುವಾಗ ಮೊದಲ ಪಾಲೂ ಕೊನೆಯ ಪಾಲೂ ಅವಳಿಗೆ ಸಲ್ಲಬೇಕು. ಆದ್ದರಿಂದ ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯಿಂದಲೂ ಸಿಲಿಂಡರಿನ ಕೊಳವೆಯಿಂದಲೂ ದೂರ, ಮೇಲೆ ಕಪಾಟಿಲ್ಲದ ಒಂದೂವರೆ ಅಡಿ ಅಗಲದ ಕಟ್ಟೆ ಸಾಕು. ಒಂದು ದೀಪ, ನೀರಿಗೆ ಒಂದು ಬಟ್ಟಲು, ಧಾರೆ ಎರೆಯಲು ತಳ ಚಪ್ಪಟೆಯಾದ ಅಗಲ ಬಟ್ಟಲು, ಧೂಪಕ್ಕೆ ಮರಳು ತುಂಬಿದ ಮಣ್ಣಿನ ಪಾತ್ರೆ. ಗ್ರೀಸಿನ ಹನ್ನೆರಡು ಮುಖ್ಯ ದೇವರಿಗೂ ವಿಗ್ರಹ ಕೊಂಡು ಸಾಲಾಗಿ ಜೋಡಿಸಿ, ಮೂರೇ ತಿಂಗಳಲ್ಲಿ ಧೂಳು ಒರೆಸಲಾಗದೆ ಬಿಟ್ಟುಬಿಡುವುದು ಈ ದಾರಿಯಲ್ಲಿ ಹೊಸಬರು ಎಲ್ಲಕ್ಕಿಂತ ಹೆಚ್ಚು ಮಾಡುವ ತಪ್ಪು.

ದಿನ: ಇಲ್ಲಿ ನಿಮ್ಮ ಮನೆಯ ಪಂಚಾಂಗವೇ ಉಪಯೋಗಕ್ಕೆ ಬರುತ್ತದೆ. ಕರ್ನಾಟಕದ ಅಮಾಂತ ಮಾಸದಂತೆ ಅಥೆನ್ಸಿನ ಮಾಸವೂ ಅಮಾವಾಸ್ಯೆಗೆ ಮುಗಿಯುತ್ತದೆ, 29 ಇಲ್ಲವೇ 30 ದಿನ, ಅವರಿಗೂ ಅಧಿಕಮಾಸ ಉಂಟು. ಅವರ ದಿನ ಸೂರ್ಯಾಸ್ತಕ್ಕೆ ಶುರು. ಬಾನಿನಲ್ಲಿ ಎಳೆ ಚಂದ್ರ ಕಂಡ ಸಂಜೆ ಹೊಸ ತಿಂಗಳು. ಅದಕ್ಕೆ ಹಿಂದಿನ ಸಂಜೆ ಹೆಕಟೆಯ ಎಡೆ. ಜೂನ್, ಜುಲೈನ ಧಾರವಾಡದ ಮೋಡದಲ್ಲಿ ಎಳೆ ಚಂದ್ರ ಕಾಣುವ ಭರವಸೆ ಇಲ್ಲ. ಪಂಚಾಂಗದಲ್ಲಿ ‘ಚಂದ್ರದರ್ಶನ’ ಎಂದು ಬರೆದ ದಿನವನ್ನು ಗುರುತು ಹಾಕಿ ಅವಳಿಗೆ ತೋರಿಸಿ. ಅಥೆನ್ಸಿನ ಲೆಕ್ಕಕ್ಕೂ ಇದಕ್ಕೂ ಒಂದು ದಿನ ಹೆಚ್ಚುಕಡಿಮೆ ಆಗಬಹುದು. ಯಾವುದು ಬೇಕೆಂದು ಅವಳು ಮೊದಲೇ ತೀರ್ಮಾನಿಸಿ ಎರಡು ತಿಂಗಳೂ ಅದನ್ನೇ ಹಿಡಿಯಲಿ. ಇನ್ನೊಂದು ವಿಶೇಷ: ಬೇಸಿಗೆಯ ಅಯನ ಸಂಕ್ರಾಂತಿ, ಅಂದರೆ ಜೂನ್ 21ರ ಆಸುಪಾಸು, ಕಳೆದ ಮೇಲಿನ ಮೊದಲ ಹೊಸ ಚಂದ್ರಕ್ಕೆ ಅವರ ವರ್ಷ ಆರಂಭ. ಬಹುಪಾಲು ವರ್ಷಗಳಲ್ಲಿ ನಿಮ್ಮ ಮಣ್ಣೆತ್ತಿನ ಅಮಾವಾಸ್ಯೆಯೇ ಅವರ ವರ್ಷದ ಕೊನೆಯ ಅಮಾವಾಸ್ಯೆಯೂ ಆಗಿರುತ್ತದೆ. ನೀವು ಎತ್ತುಗಳಿಗೆ ಮಣ್ಣು ಕಲಸುವ ಹೊತ್ತಿಗೆ ಅವಳು ವರ್ಷದ ಬಾಕಿ ತೀರಿಸುತ್ತಿರುತ್ತಾಳೆ.

ನೀರು: ಪೂಜೆಗೆ ಮೊದಲು ಕೈ ತೊಳೆಯುವ ನೀರನ್ನು ಸಿದ್ಧಮಾಡುವ ಕ್ರಮವಿದೆ. ವೇದಿಕೆಯ ಬೆಂಕಿಯಿಂದ ಉರಿಯುವ ಕೊಳ್ಳಿ ತೆಗೆದು ನೀರಲ್ಲಿ ಅದ್ದುತ್ತಿದ್ದರು. ಮನೆಯಲ್ಲಿ ಕಾಲು ಲೀಟರ್ ನೀರಿಗೆ ಉರಿಯುವ ಒಂದು ಸಣ್ಣ ಕಡ್ಡಿ ಅಥವಾ ಒಣಗಿದ ರೋಸ್‌ಮೇರಿ ಎಸಳು ಸಾಕು. ಪುಸ್ತಕಗಳಲ್ಲಿ ಹೇಳುವ ಬೇ ಎಲೆಯೂ ನಮ್ಮ ಕಿರಾಣಿ ಅಂಗಡಿಯ ಪಲಾವ್ ಎಲೆಯೂ ಬೇರೆ ಬೇರೆ ಮರದವು. ಅಪೊಲೊನ ಪವಿತ್ರ ಎಲೆ ಎಂದು ಪಲಾವ್ ಎಲೆ ಬಳಸುವುದು ತಪ್ಪು. ನಿಜವಾದ ಲಾರೆಲ್ ಎಲೆ ಬೇಕಿದ್ದರೆ ಅವಳೇ ಒಣಗಿದ್ದನ್ನು ತರಲಿ. ಒಣ ಎಲೆ ಹೊತ್ತಿಕೊಂಡಾಗ ಕಿಡಿ ಸಿಡಿಯುತ್ತದೆ. ಇಕ್ಕಳದಲ್ಲಿ ಹಿಡಿಯಬೇಕು, ಸ್ಟೀಲ್ ಅಥವಾ ಮಣ್ಣಿನ ಬಟ್ಟಲು ಬಳಸಬೇಕು. ತೆಳು ಗಾಜಿನ ಬಟ್ಟಲು ಒಡೆಯುತ್ತದೆ. ಕೆಲವರು ಚಿಟಿಕೆ ಉಪ್ಪು ಸೇರಿಸುತ್ತಾರೆ. ಹಾಗೆ ಮಾಡಿದರೆ ಉಳಿದ ನೀರನ್ನು ಗಿಡಕ್ಕೆ ಹಾಕಬೇಡಿ.

ಪೂಜೆ: ಕೈ ತೊಳೆದು, ದೀಪ ಹಚ್ಚಿ, ಒಂದು ಚಿಟಿಕೆ ಜವೆಗೋಧಿ ಎರಚಿ, ಹೆಸ್ತಿಯಾಗೆ ಮೊದಲ ಧಾರೆ. ಬಳಿಕ ಆ ದಿನದ ದೇವರನ್ನು ಹೆಸರುಗಳಿಂದ, ನೆಲೆಗಳಿಂದ ಕರೆಯುವುದು, ಹಿಂದೆ ಕೊಟ್ಟದ್ದನ್ನು ನೆನಪಿಸುವುದು, ಆಮೇಲೆ ಬೇಡಿಕೆ. ಮೂರೂ ಸೇರಿ ಐದು ನಿಮಿಷ. ಪ್ರಾರ್ಥನೆ ನಿಂತುಕೊಂಡೇ, ಬಾಯಿಬಿಟ್ಟು, ಅಂಗೈಗಳನ್ನು ಆಕಾಶಕ್ಕೆ ಎತ್ತಿ. ಭೂಮಿಯ ಕೆಳಗಿನ ದೇವತೆಗಳಿಗಾದರೆ ಅಂಗೈ ನೆಲದ ಕಡೆಗೆ. ಸೊಸೆ ಅಡ್ಡಬೀಳುವುದಿಲ್ಲ, ಮಂಡಿಯೂರುವುದಿಲ್ಲ ಎಂದು ಹಿರಿಯರು ಅದನ್ನು ಅಗೌರವ ಎಂದುಕೊಳ್ಳದಂತೆ ಮೊದಲೇ ತಿಳಿಸಿಡಿ.

ಧಾರೆ: ಸಾಮಾನ್ಯವಾಗಿ ನೀರು ಬೆರೆಸಿದ ದ್ರಾಕ್ಷಾರಸದ್ದು. ನಿಮ್ಮ ಮನೆಯಲ್ಲಿ ಅದು ಬೇಡವೆಂದರೆ ಅವಳ ಪೂಜೆಗೆ ಕುಂದಿಲ್ಲ. ಮದ್ಯವಿಲ್ಲದ ಧಾರೆಯ ಪದ್ಧತಿ ಅಷ್ಟೇ ಹಳೆಯದು. ಚಿಲುಮೆ, ಕಾಡುಗಳ ದೇವಿಯರಾದ ನಿಂಫರಿಗೆ, ಕಲಾದೇವಿಯರಾದ ಮ್ಯೂಸರಿಗೆ, ಸೂರ್ಯನಿಗೆ ನೀರು, ಹಾಲು, ಜೇನಿನ ಧಾರೆಯೇ ರೂಢಿ. ಒಂದು ಲೋಟ ನೀರಿಗೆ ಒಂದು ಚಮಚ ಜೇನು ಸಾಕು. ದಪ್ಪಗೆ ಕಲಸಿದರೆ ಇರುವೆ ಮುತ್ತುತ್ತದೆ. ಆಕಾಶದ ದೇವರಿಗೆ ಸ್ವಲ್ಪ ಎರೆದು ಉಳಿದದ್ದನ್ನು ತಾವು ಕುಡಿಯುತ್ತಾರೆ. ಸತ್ತವರಿಗೆ ಎರೆಯುವಾಗ ಪೂರ್ತಿ ಸುರಿಯುತ್ತಾರೆ, ಕುಡಿಯುವುದಿಲ್ಲ. ಬಟ್ಟಲಿನಲ್ಲಿ ಸೇರಿದ್ದನ್ನು ಸುರಿಯಲು ಹಿತ್ತಲಿನಲ್ಲಿ ಬೇರೆ ಕುಂಡವೊಂದನ್ನು ಗೊತ್ತುಮಾಡಿ. ತುಳಸಿಕಟ್ಟೆಗೆ ಅದು ಹೋಗಬಾರದು.

ನೈವೇದ್ಯ: ರೊಟ್ಟಿ, ಜೇನು ಹಚ್ಚಿದ ಹಿಟ್ಟಿನ ಕಡುಬು, ಅಂಜೂರ, ದ್ರಾಕ್ಷಿ, ದಾಳಿಂಬೆ. ಹಳೆಯ ಗ್ರೀಸಿನಲ್ಲಿ ಎತ್ತು, ಕುರಿ, ಹಂದಿಯ ಬಲಿ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಇಂದು ಬಹುಪಾಲು ಜನ ಅದನ್ನು ಮಾಡುವುದಿಲ್ಲ, ಹಿಂದೆಯೂ ಅದೊಂದೇ ದಾರಿಯಾಗಿರಲಿಲ್ಲ. ಅಥೆನ್ಸಿನಲ್ಲಿ ಮೈಲಿಖಿಯಸ್ ಜೀಯಸ್‌ನ ದೊಡ್ಡ ಹಬ್ಬದಂದು ಅನೇಕರು ಪ್ರಾಣಿಗೆ ಬದಲು ಪ್ರಾಣಿಯ ಆಕಾರದ ಹಿಟ್ಟಿನ ಕಡುಬು ಅರ್ಪಿಸುತ್ತಿದ್ದರು. ಯಜ್ಞಕ್ಕೆ ಪಿಷ್ಟಪಶುವನ್ನು ಒಪ್ಪಿದ ಮಧ್ವ ಪರಂಪರೆ ಇರುವ ನಾಡಿನಲ್ಲಿ ಅವಳು ಹಿಟ್ಟಿನ ಹಂದಿಮರಿ ಮಾಡಿಟ್ಟರೆ ಯಾರೂ ಬೆರಗಾಗಬೇಕಿಲ್ಲ.

ಧೂಪ: ಅಂಗಡಿಯ ಸಾಂಬ್ರಾಣಿ ಆಗುತ್ತದೆ, ಆದರೆ ಕಪ್ ಸಾಂಬ್ರಾಣಿ ಬೇಡ, ಅದರಲ್ಲಿ ಬೇರೆ ಸುವಾಸನೆ ಬೆರೆತಿರುತ್ತದೆ. ಇದ್ದಿಲಿನ ಬಿಲ್ಲೆ ಹೊತ್ತಿಸಿ, ಮೇಲೆ ಬೂದಿಯ ಪದರ ಕಟ್ಟುವವರೆಗೆ ಕಾದು, ಹೆಸರುಕಾಳಿನಷ್ಟು ಅಂಟು ಇಟ್ಟರೆ ಸಾಕು. ಬೂದಿ ಕಟ್ಟುವ ಮೊದಲೇ ಹಾಕಿದರೆ, ಅಥವಾ ಹೆಚ್ಚು ಹಾಕಿದರೆ, ಅಂಟು ಕರಗುವ ಬದಲು ಕರಕಲಾಗಿ ಕಣ್ಣುರಿಸುವ ಹೊಗೆ ಏಳುತ್ತದೆ. ಮಳೆಗಾಲದಲ್ಲಿ ಬಿಲ್ಲೆ ತೇವ ಹಿಡಿದು ಹೊತ್ತುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕಿಟಕಿ ತೆರೆದಿರಲಿ.

ಉಗ್ರಾಣದ ಪಾತ್ರೆ: ಅವಳು ನಿಮ್ಮನ್ನು ಒಂದು ಮುಚ್ಚಳದ ಭರಣಿ ಕೇಳಬಹುದು. ಮನೆಯ ಆಸ್ತಿ ಕಾಯುವ ಕ್ಟೀಸಿಯಸ್ ಜೀಯಸ್‌ನ ಸಂಕೇತ ಅದು. ಎರಡು ಕಿವಿಯ ಹೊಸ ಪಾತ್ರೆ, ಕಿವಿಗಳಿಗೆ ಬಿಳಿ ಉಣ್ಣೆಯ ದಾರ, ಒಳಗೆ ಶುದ್ಧ ನೀರು, ಆಲಿವ್ ಎಣ್ಣೆ, ಬಗೆಬಗೆಯ ಕಾಳು ಹಣ್ಣು. ಎರಡು ಸಾವಿರ ವರ್ಷ ದಾಟಿದ ಪಾಕವಿಧಿಯಿದು. ಉಪ್ಪಿನಕಾಯಿ ಹಾಕುವ ಅರ್ಧ ಲೀಟರಿನ ಪಿಂಗಾಣಿ ಭರಣಿ ಇದಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ. ದಾರ ನಿಜವಾದ ಉಣ್ಣೆಯದೇ ಇರಲಿ, ಹೆಣಿಗೆ ಅಂಗಡಿಯ ಅಕ್ರಿಲಿಕ್ ದಾರ ದೀಪದ ಬಳಿ ಕರಗಿ ಅಂಟಿಕೊಳ್ಳುತ್ತದೆ. ಎಲ್ಲರೂ ಎಡವುವುದು ಇಲ್ಲಿಯೇ: ಹಸಿ ಹಣ್ಣು ಹಾಕಿ ಮುಚ್ಚಳ ಬಿಗಿದರೆ ವಾರದೊಳಗೆ ಹುದುಗಿ, ಉಬ್ಬಿ, ನಾತ ಹೊಡೆಯುತ್ತದೆ. ಒಣ ಕಾಳು, ಒಣ ಅಂಜೂರದ ತುಣುಕು, ಎರಡು ಚಮಚ ನೀರು, ಒಂದು ಚಮಚ ಎಣ್ಣೆ, ಸಡಿಲ ಮುಚ್ಚಳ. ಆಗಲೂ ಧಾರವಾಡದ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು ನೋಡುವುದು ಒಳ್ಳೆಯದು. ಹೊಸ ತಿಂಗಳ ದಿನ ಹಳೆಯದನ್ನು ಮಣ್ಣಿಗೆ ಸುರಿದು ತೊಳೆದು ಮತ್ತೆ ತುಂಬುತ್ತಾರೆ. ಎಣ್ಣೆ ಸಿಂಕಿಗೆ ಹೋಗದಿರಲಿ. ಈ ಪೂಜೆಯನ್ನು ಹಿಂದಿನವರು ಮನೆಯವರ ಮಧ್ಯೆಯೇ ನಡೆಸುತ್ತಿದ್ದರು, ಹೊರಗಿನವರನ್ನು ಸೇರಿಸುತ್ತಿರಲಿಲ್ಲ. ಅವಳು ನಿಮ್ಮನ್ನು ಕರೆದರೆ, ಮನೆಯವರೆಂದು ಎಣಿಸಿ ಕರೆದಿದ್ದಾಳೆಂದು ತಿಳಿಯಿರಿ.

ಹೆಕಟೆಯ ಎಡೆಯ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಅಮಾವಾಸ್ಯೆಯ ರಾತ್ರಿ ಓಣಿಯ ಮೂರು ದಾರಿ ಕೂಡುವಲ್ಲಿ ಬೆಳ್ಳುಳ್ಳಿ, ಮೊಟ್ಟೆ ಕಂಡರೆ ಬೆಳಗಾಗುವುದರೊಳಗೆ ಇಡೀ ಓಣಿಗೆ ಸುದ್ದಿಯಾಗಿ ಅವಳ ಮೇಲೆ ಇಲ್ಲದ ಅಪವಾದ ಬರುತ್ತದೆ. ನಿಮ್ಮ ಅಂಗಳದೊಳಗೆ, ಮಳೆ ಬೀಳದ ಕಟ್ಟೆಯ ಮೇಲೆ, ತಲೆಬಾಗಿಲ ಹೊರಗೆ ಇಟ್ಟರೆ ಸಾಕು. ಹೊಸ್ತಿಲು ಹೆಕಟೆಯದೇ ಜಾಗ. ಮೊಟ್ಟೆ ನಿಮಗೆ ಒಗ್ಗದಿದ್ದರೆ ರೊಟ್ಟಿ, ಜೇನು, ಚೀಸ್, ಬೆಳ್ಳುಳ್ಳಿ ಇಡಲಿ. ಒಂದು ತಾಸಿನ ಬಳಿಕ, ಇಲಿ ಬರುವ ಮೊದಲು, ತೆಗೆದು ಮಣ್ಣಿಗೆ ಹಾಕಬಹುದು. ಮನೆಯವರು ಅದನ್ನು ತಿನ್ನುವ ಪದ್ಧತಿ ಇಲ್ಲ. ನಾಯಿ ಹೆಕಟೆಯ ಪ್ರಾಣಿ ಎಂದು ಬೀದಿನಾಯಿಗೆ ಹಾಕುವವರಿದ್ದಾರೆ. ರೊಟ್ಟಿ ಹಾಕಲಿ, ಬೆಳ್ಳುಳ್ಳಿ ಈರುಳ್ಳಿ ತಾಗಿದ್ದು ಬೇಡ, ಅವೆರಡೂ ನಾಯಿಗೆ ವಿಷ. ಅದೇ ಸಂಜೆ ಒಂದಿಷ್ಟು ಅಕ್ಕಿ ಬೇಳೆಯನ್ನು ನಿಮ್ಮೂರಿನ ಯಾವುದಾದರೂ ದಾಸೋಹಕ್ಕೆ ಅವಳ ಕೈಯಿಂದ ಕೊಡಿಸಿ. ಎಡೆಯ ಹಳೆಯ ಅರ್ಥಕ್ಕೆ ಅದು ನೇರವಾಗಿ ಒಪ್ಪುತ್ತದೆ.

ಅವಳ ಪೂಜೆಯಲ್ಲಿ ನೀವು ನಿಲ್ಲಬಹುದೇ ಎಂದರೆ, ಧಾರಾಳವಾಗಿ. ಇನ್ನೊಬ್ಬರ ದೇವರಿಗೆ ಕೈಮುಗಿದರೆ ಸ್ವಂತ ದೇವರನ್ನು ಬಿಟ್ಟಂತೆ ಎಂಬ ನಿಯಮ ಹಳೆಯ ಗ್ರೀಸಿನಲ್ಲಿ ಇರಲಿಲ್ಲ. ಪರ ಊರಿಗೆ ಹೋದವರು ಆ ಊರಿನ ದೇವರಿಗೆ ಕಾಣಿಕೆ ಸಲ್ಲಿಸುವುದು ಸಾಮಾನ್ಯ ನಡವಳಿಕೆಯಾಗಿತ್ತು. ಅದೇ ನಿಯಮದಂತೆ ಅವಳನ್ನು ನಿಮ್ಮ ಮನೆದೇವರ ದರ್ಶನಕ್ಕೆ ಕರೆದುಕೊಂಡು ಹೋಗಿ, ಬಂದೇ ಬರುತ್ತಾಳೆ. ಹೆಕಟೆ ಅಂದರೆ ನಮ್ಮ ಕಾಳಿ, ಜೀಯಸ್ ಅಂದರೆ ನಮ್ಮ ಇಂದ್ರ ಎಂದು ಸಮೀಕರಣ ಹಾಕುವುದನ್ನು ಮಾತ್ರ ಬಿಡಿ. ಅವರವರ ಹೆಸರು, ಅವರವರ ದಿನ, ಅವರವರ ಎಡೆ ಬೇರೆ ಇರುವುದರಲ್ಲೇ ಈ ಧರ್ಮದ ಜೀವ ಇದೆ. ಸಾವಿನ ಮೈಲಿಗೆಯನ್ನು ಅವರೂ ಪಾಲಿಸುತ್ತಾರೆ. ಸಾವಾದ ಮನೆಯ ಬಾಗಿಲಲ್ಲಿ ಹೊರಗೆ ಬರುವವರು ಕೈತೊಳೆಯಲೆಂದು ನೀರಿನ ಪಾತ್ರೆ ಇಡುತ್ತಿದ್ದರು. ನಿಮ್ಮಲ್ಲಿ ಸೂತಕ ಬಂದರೆ ಅವಳಿಗೂ ತಿಳಿಸಿ, ಪೂಜೆ ನಿಲ್ಲಿಸಬೇಕೇ ಎಂಬುದನ್ನು ಅವಳೇ ಹೇಳುತ್ತಾಳೆ.

ಅವರು ಬರುವ ಮೊದಲು ತಂದಿಡಬೇಕಾದದ್ದು ಇಷ್ಟೇ: ಕಾಲು ಕಿಲೋ ಜವೆಗೋಧಿ, ಜೇನು, ಸಾಂಬ್ರಾಣಿ, ಇದ್ದಿಲಿನ ಬಿಲ್ಲೆ, ಒಂದು ಹಿಡಿ ನದಿಮರಳು, ಭರಣಿ, ಮಣ್ಣಿನ ಹಣತೆ, ಹತ್ತಿಯ ಬತ್ತಿ. ಆಲಿವ್ ಎಣ್ಣೆಯನ್ನೂ ಲಾರೆಲ್ ಎಲೆಯನ್ನೂ ಬಿಳಿ ಉಣ್ಣೆಯ ದಾರವನ್ನೂ ತರಲು ಅವಳಿಗೇ ಹೇಳಿ. ಎಣ್ಣೆಯ ಬಾಟಲಿಯನ್ನು ವಿಮಾನದಲ್ಲಿ ಕೈಚೀಲಕ್ಕೆ ಹಾಕಿದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ, ದೊಡ್ಡ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಸುತ್ತಿ ಇಡಲಿ.